ಬುಲ್ ಕಟ್ಟಿದ ಬಾಯಿ

ಸತ್ತವರು ರಾತ್ರಿ ಹೊತ್ತು ಬರುತ್ತಾರೆ ಅನ್ನುವುದು ಬೇರೆ ಊರಿನವರ ಮಾತು. ಉಲೆಬೆಲ್‌ನಲ್ಲಿ ಸತ್ತವರಿಗೆ ಅಷ್ಟೊಂದು ನಾಚಿಕೆಯಿಲ್ಲ. ಮಟಮಟ ಮಧ್ಯಾಹ್ನ, ಕಡಲು ಇಳಿದು ಹವಳದ ದಿಬ್ಬದ ಬೆನ್ನು ಬಿಸಿಲಿಗೆ ಬೀಳುವ ಹೊತ್ತಿಗೆ, ಊರ ಯಜಮಾನ ಮೆಸುಬೆದ್‌ನ ಬೀಗ ಹಾಕಿದ ಮನೆಯೊಳಗಿಂದ ಅಡಿಕೆ ಕುಟ್ಟುವ ಸದ್ದು ಬರುತ್ತಿತ್ತು. ಟೊಕ್, ಟೊಕ್, ಟೊಕ್. ಮುದುಕನಿಗೆ ಹಲ್ಲೆಲ್ಲ ಉದುರಿ ಯಾವ ಕಾಲವಾಗಿತ್ತೋ. ಬದುಕಿದ್ದಾಗಲೂ ಮರದ ಕುಟ್ಟಾಣಿಯಲ್ಲಿ ಅಡಿಕೆ, ಎಲೆ, ಸುಣ್ಣ ಹಾಕಿ ಜಜ್ಜಿಕೊಂಡೇ ಬಾಯಿಗೆ ಹಾಕುತ್ತಿದ್ದ. ಈಗ ಕುಟ್ಟುತ್ತಾನೆ, ಕುಟ್ಟುತ್ತಲೇ ಇರುತ್ತಾನೆ, ಬಾಯಿಗೆ ಹಾಕಿಕೊಳ್ಳಲು ಮಾತ್ರ ಆಗುವುದಿಲ್ಲ. ಅವನ ಬಾಯಿ ಕಟ್ಟಿಹೋಗಿದೆ. ಇದು ಊರಿನ ಚಿಳ್ಳೆಪಿಳ್ಳೆಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಓಡಾಡಿಕೊಂಡಿದ್ದವಳು ಒಬ್ಬಳೇ, ಅವನ ತಂಗಿಯ ಮಗಳು ದಿಲುಬೆಚ್.

ದಿಲುಬೆಚ್ ಅಂದರೆ ಸಾಮಾನ್ಯ ಹೆಂಗಸಲ್ಲ. ಲೋಕದ ದೊಡ್ಡ ದೊಡ್ಡ ಸಭೆಗಳಲ್ಲಿ ನಮ್ಮ ಬೆಲಾವ್ ದ್ವೀಪದೇಶದ ಪರವಾಗಿ ಕಡಲಿನ ಮಾತು ಆಡುವವಳು. ದೇಶ ಅಂದರೂ ಅಷ್ಟೇ ಬಿಡಿ, ಮದುವೆಗೆ ಕರೆಯಲು ಹೊರಟರೆ ವಾರದೊಳಗೆ ಯಾರನ್ನೂ ಬಿಡದೆ ಕರೆದು ಮುಗಿಸಬಹುದು. ಆದರೂ ಆ ಸಭೆಗಳಲ್ಲಿ ಅವಳು ಎದ್ದು ನಿಂತರೆ, ಆನೆಯಂಥ ದೇಶಗಳವರು ಪಿಸುಗುಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅದಕ್ಕೆ ಕಾರಣ ಒಂದೇ ಒಂದು ಪದ. ಬುಲ್.

ಬುಲ್ ಅಂದರೆ ಮುಚ್ಚುವುದು. ಹವಳದ ದಿಬ್ಬದಲ್ಲಿ ಮೀನು ಕಡಿಮೆಯಾದರೆ ಯಜಮಾನ ಅಳಿವೆಯ ಬಾಯಲ್ಲಿ ಗೂಟ ನೆಟ್ಟು, ಅದಕ್ಕೆ ತೆಂಗಿನ ಗರಿ ಕಟ್ಟಿ, ಊರಿನ ಕಿವಿಗೆ ಬೀಳುವಂತೆ ಹೇಳುತ್ತಾನೆ, ಇನ್ನು ಇಲ್ಲಿ ಬಲೆ ಬೀಳಬಾರದು ಅಂತ. ಮೀನು ತುಂಬಿಕೊಂಡ ಮೇಲೆ ಅವನೇ ಬಿಚ್ಚುತ್ತಾನೆ. ಕಟ್ಟಿದ ಬಾಯಿಯೇ ಬಿಚ್ಚಬೇಕು. ಬಿಚ್ಚದೆ ಸತ್ತನೋ, ಬುಲ್ ಹೋಗಿ ಅವನ ಬಾಯಿಯ ಮೇಲೆ ಕೂತುಬಿಡುತ್ತದೆ. ಆಮೇಲೆ ಆ ಲೋಕದಲ್ಲಿ ಉಣ್ಣುವಂತಿಲ್ಲ, ಎಲೆಯಡಿಕೆ ಜಗಿಯುವಂತಿಲ್ಲ. ತಂಗಿಯ ಮಗಳು ಅದೇ ನೀರಿನ ಮೊದಲ ಮೀನು ತಂದು, ಬೇಯಿಸಿ, ಸಮಾಧಿಯ ಕಲ್ಲಿನ ಮೇಲೆ ಒಂದು ತುತ್ತು ಇಟ್ಟು ಬಿಚ್ಚುವ ಮಾತು ಹೇಳಬೇಕು. ಎರಡನೇ ತುತ್ತು ಮನೆಯ ಹಿರಿಯ ಹೆಣ್ಣಿಗೆ. ಅಲ್ಲಿಯವರೆಗೆ ಆ ಹಿರಿಯ ಹೆಣ್ಣು ಮೀನು ಮುಟ್ಟುವುದಿಲ್ಲ. ಅವಳು ಬಿಟ್ಟ ತುತ್ತೊಂದೇ ಬಾಯಿ ಕಟ್ಟಿದ ಸತ್ತವನಿಗೆ ಬುತ್ತಿ. ಬೇರೆ ಯಾವುದೂ ಅವನ ಗಂಟಲಲ್ಲಿ ಇಳಿಯುವುದಿಲ್ಲ.

ದಿಲುಬೆಚ್ ಹುಡುಗಿಯಾಗಿದ್ದಾಗ ಉಲೆಬೆಲ್ ಅಳಿವೆಯಲ್ಲಿ ಅಮಾವಾಸ್ಯೆಯ ಹೊತ್ತಿಗೆ ಮುರು ಮೀನು ಮೊಟ್ಟೆಯಿಡಲು ಬಂದು ಸಂತೆ ನೆರೆಯುತ್ತಿದ್ದವು. ಆಮೇಲೆ ಪರದೇಶಿ ವ್ಯಾಪಾರಿಗಳು ಜೀವಂತ ಮೀನು ಕೊಳ್ಳಲು ಬಂದರು, ನಮ್ಮವರೂ ಹಿಂದೆ ಮುಂದೆ ನೋಡದೆ ಬಳಿದು ಬಳಿದು ಕೊಟ್ಟರು. ಒಂದು ವರ್ಷ ಮೀನು ಬರಲೇ ಇಲ್ಲ. ಆಗ ದಿಲುಬೆಚ್ ಬಂದು ಸೋದರಮಾವನ ಮುಂದೆ ಕೂತಳು. "ಮಾವಾ, ಬುಲ್ ಕಟ್ಟು" ಅಂದಳು. "ಎಷ್ಟು ದಿನಕ್ಕೆ?" ಅಂತ ಅವನು ಕೇಳಿದ. "ಮೀನು ತಿರುಗಿ ಬರೋವರೆಗೂ." ಮುದುಕ ಗರಿ ಕಟ್ಟಿದ. ಊರು ಬಲೆಗಳನ್ನು ಗೋಡೆಗೆ ನೇತುಹಾಕಿತು.

ಇದನ್ನೇ ಅವಳು ಒಂದು ಪರದೇಶದ ಸಭೆಯಲ್ಲಿ ಹೇಳಿದಳು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಯಾರೋ ಕೇಳಿದ, "ಈ ಬುಲ್ ಎಷ್ಟು ಕಾಲ ಇರುತ್ತದೆ?" ಅವಳು ಬಾಯಿ ತೆರೆದಳು. ಮೀನು ಬರುವವರೆಗೆ ಅನ್ನಬೇಕಿತ್ತು. ಎದುರಿಗೆ ಅಷ್ಟು ಮುಖ, ಅಷ್ಟು ದೀಪ. "ಎಂದೆಂದಿಗೂ" ಅಂದುಬಿಟ್ಟಳು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತಿನ ಮೇಲೆ ಕಾನೂನಾಯಿತು, ಕಾನೂನಿನ ಮೇಲೆ ಪರದೇಶದವರ ನಿಧಿಯಾಯಿತು, ನಿಧಿಯಿಂದ ಕಾವಲು ದೋಣಿ, ದೋಣಿಗೆ ಎಣ್ಣೆ, ದೇಶದ ಗಡಿಯಲ್ಲಿ ಕಳ್ಳ ಹಡಗು ಹಿಡಿಯಲು ಕಣ್ಣು. ಮಾವನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವನು ಮೀನು ತುಂಬಿದ್ದನ್ನು ಕಂಡು, ಬಿಚ್ಚಲು ಕಟ್ಟಿಸಿದ ಸೋದರಸೊಸೆಯ ಮಾತಿಗಾಗಿ ಕಾದು, ಕಾದು, ಸತ್ತ.

ಅವನು ಸತ್ತು ಒಂದು ಮಳೆಗಾಲ ಕಳೆದ ಮೇಲೆ ದಿಲುಬೆಚ್ ಊರಿಗೆ ಬಂದಳು. ಬಂದದ್ದು ಅವನಿಗಾಗಿ ಅಲ್ಲ. ನಿಧಿಯವರು ಅಳಿವೆಯ ದಡದಲ್ಲೇ ನಿಂತು ಕೊನೆಯ ಸಹಿ ಹಾಕುತ್ತೇವೆ ಅಂದಿದ್ದರು, ಅದಕ್ಕಾಗಿ. ಅವರು ಬರುವುದು ಮಾರನೆಯ ದಿನ.

ಅವಳ ತಾಯಿ ಎಬಿಲ್ ಚಾಪೆಯ ಮೇಲೆ ಮಲಗಿದ್ದಳು. ಗಟ್ಟಿಮುಟ್ಟಾದ ಮುದುಕಿ, ಕೆಸುವಿನ ಗದ್ದೆಯಲ್ಲಿ ಸೊಂಟದವರೆಗೆ ಕೆಸರಲ್ಲಿ ನಿಂತು ಊರ ಹೆಂಗಸರನ್ನು ಬಯ್ಯುತ್ತಿದ್ದವಳು, ಈಗ ಹೊದಿಕೆಯ ಕೆಳಗೆ ಇದ್ದಾಳೋ ಇಲ್ಲವೋ ಅನ್ನುವಂತಿದ್ದಳು.

"ಬಂದ್ಯಾ? ಅಷ್ಟು ಸಮುದ್ರ ದಾಟೋಳಿಗೆ ನಮ್ಮನೆ ಹೊಸಲು ದಾಟೋದು ಕಷ್ಟ ಆಯ್ತೇನೇ?"

"ಏನವ್ವಾ ಇದು, ಹಿಂಗಾಗಿದೀಯ! ಡಾಕ್ಟರು ಏನಂದ್ರು?"

"ಮೀನು ತಿನ್ನು ಅಂದ. ಕಡಲ ನಡುವೆ ಕೂತು ಮೀನು ತಿನ್ನು ಅಂತ ಹೇಳೋಕೆ ಅವನು ಓದಬೇಕಾಗಿತ್ತಾ? ನಾನು ತಿಂದ್ರೆ ನಿಮ್ಮಾವ ಏನು ತಿಂತಾನೆ?"

ದಿಲುಬೆಚ್ ಮಾತು ತಿರುಗಿಸಲು ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಸದ್ದು ಶುರುವಾಯಿತು. ಟೊಕ್, ಟೊಕ್, ಟೊಕ್. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ತಟ್ಟನೆ ಸುಮ್ಮನಾದರು. ನಾಯಿ ಎದ್ದು ಮನೆಯ ಹಿಂದಕ್ಕೆ ಹೋಯಿತು.

"ಮರ ಬಿಸಿಲಿಗೆ ಬಿರಿಯೋ ಸದ್ದು" ಅಂದಳು ದಿಲುಬೆಚ್. ಅವಳ ತೋಳಿನ ಮೇಲೆ ಕೂದಲು ನಿಮಿರಿತ್ತು.

"ಹೌದಮ್ಮಾ, ಮರವೇ. ಮರಕ್ಕೂ ಎಲೆಯಡಿಕೆ ಚಪಲ ನೋಡು." ತಾಯಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. "ಬಾಯಿಗೆ ತಗೊಂಡು ಹೋಗ್ತಾನೆ ಕಣೇ. ಬಾಯಿ ಬಿಚ್ಚಲ್ಲ. ಮತ್ತೆ ಕುಟ್ಟಾಣೀಲಿ ಹಾಕ್ತಾನೆ. ನನ್ನಣ್ಣ ಕಣೇ ಅವನು. ನಾನು ಸತ್ರೆ ಅವನಿಗೆ ಬುತ್ತಿಯೂ ಇಲ್ಲ. ನಾನು ಸಾಯೋಕೆ ಮುಂಚೆ ಬಿಚ್ಚು. ಇನ್ನೇನೂ ಕೇಳಲ್ಲ ನಿನ್ನ."

ದಿಲುಬೆಚ್ ಎದ್ದು ಹೊರಗೆ ಬಂದಳು. ಕಟ್ಟೆಯ ಮೇಲೆ ಬೌಲೆಸ್ ಕೂತಿದ್ದ. ತೀರಿಹೋದ ಚಿಕ್ಕಮ್ಮನ ಮಗ, ಅಳಿವೆಯ ಕಾವಲುಗಾರ, ಮುಂದೆ ಯಜಮಾನನ ಪಟ್ಟಕ್ಕೆ ಬರಬೇಕಾದವನು. ಹಳೆಯ ಬುಲ್ ಬಿಚ್ಚುವವರೆಗೆ ಪಟ್ಟ ಕಟ್ಟುವಂತಿಲ್ಲ, ಹಾಗಾಗಿ ಅವನದು ಅತ್ತ ಇಲ್ಲ ಇತ್ತ ಇಲ್ಲದ ಬಾಳು. ಕೆಂಪು ಎಂಜಲು ಉಗುಳಿ ಹಲ್ಲು ಕಿಸಿದ.

"ಏನಕ್ಕಾ, ಎಂದೆಂದಿಗೂ ಬಂದ್ರಾ?"

"ಆ ಪದ ಬಿಡೋ ಸಾಕು."

"ನಾನೆಲ್ಲಿ ಹಿಡ್ಕೊಂಡಿದೀನಿ? ನೀವೇ ಹೋಗಿ ಲೋಕಕ್ಕೆಲ್ಲ ಹಂಚಿ ಬಂದ್ರಿ. ನಮ್ಮ ಮಾತಲ್ಲಿ ಬುಲ್‌ಗೆ ಅಂಥ ಬಾಲ ಕಟ್ಟಿದ್ದು ನಮ್ಮಜ್ಜಿ ಕೂಡ ಕೇಳಿಲ್ಲ."

"ನಾನದನ್ನ ಇಂಗ್ಲಿಷಲ್ಲಿ ಹೇಳಿದ್ದು."

"ಅದಕ್ಕೇ ಬಚಾವಾದ್ರಿ." ಅವನು ನಗುವುದನ್ನು ನಿಲ್ಲಿಸಿದ. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಪರಭಾಷೆ ಬಾಯಿ ಕಟ್ಟುವುದಿಲ್ಲ, ಕಾಗದವಂತೂ ಕಟ್ಟುವುದೇ ಇಲ್ಲ. ಕಟ್ಟುವುದು ತಾಯಿಮಾತು, ಕೈಯಲ್ಲಿ ಗರಿ ಹಿಡಿದು, ಊರಿನ ಮುಂದೆ ಆಡಿದ್ದು. "ಅಕ್ಕಾ, ಒಂದು ವಿಷಯ ಹೇಳ್ತೀನಿ. ಗೂಟದ ಮೇಲಿನ ಗರಿ ಇದೆಯಲ್ಲ, ಅದು ಇನ್ನೂ ಹಸಿರಾಗಿದೆ."

"ಯಾರೋ ಬದಲಾಯಿಸ್ತಿದಾರೆ."

"ಯಾರು? ದಿನಾ ಅಲ್ಲೇ ಬಿದ್ದಿರೋನು ನಾನು."

ದಿಲುಬೆಚ್‌ಗೆ ಸಿಟ್ಟು ಬಂತು. ಬೌಲೆಸ್ ಮೇಲಲ್ಲ, ಮಾವನ ಮೇಲೆ. ಬದುಕಿದ್ದಾಗ ಒಂದು ದಿನವೂ ಜೋರಾಗಿ ಮಾತಾಡದ ಮನುಷ್ಯ, ಸತ್ತ ಮೇಲೆ ಇಷ್ಟೊಂದು ಗದ್ದಲ ಮಾಡುವುದೇ?

"ಬಿಚ್ಚಿದ್ರೆ ಏನಾಗುತ್ತೆ ಗೊತ್ತಲ್ಲ ನಿನಗೆ" ಅಂದಳು.

"ಗೊತ್ತು. ಕಾನೂನಿಗೆ ಹೆದರಿ ಈ ಊರಲ್ಲಿ ಯಾರೂ ಬಲೆ ಒಣಗಿಸಿಲ್ಲ. ಮಾವನ ಬಾಯಿಗೆ ಹೆದರಿ ಒಣಗಿಸಿದಾರೆ. ಆ ಬಾಯಿ ಬಿಚ್ಚಿದ ಗಳಿಗೆಗೆ ನಲವತ್ತು ದೋಣಿ ನೀರಿಗಿಳೀತವೆ. ನಾನೊಬ್ಬ ಒಂದು ಪೀಪಿ ಊದ್ಕೊಂಡು ಯಾರನ್ನ ಹಿಡೀಲಿ? ಪೂರಾ ಊರೇ ನನ್ನ ನೆಂಟರು."

ಹೀಗೆ ಅತ್ತ ದರಿ, ಇತ್ತ ಪುಲಿ. ಬಿಚ್ಚಿದರೆ ಅಳಿವೆ ಬರಿದು, ಜೊತೆಗೆ ನಿಧಿಯೂ ಹೋಗಿ ದೇಶದ ಕಡಲೆಲ್ಲ ಕಾವಲಿಲ್ಲದ ಹೊಲ. ಬಿಚ್ಚದಿದ್ದರೆ ಮುದುಕ ಅಲ್ಲಿ ಕುಟ್ಟುತ್ತಾ ಇರುತ್ತಾನೆ, ಮುದುಕಿ ಇಲ್ಲಿ ಬಾಡುತ್ತಾ ಹೋಗುತ್ತಾಳೆ. ದಿಲುಬೆಚ್ ಒಳಗೆ ಹೋಗಿ ತಾಯಿಗೆ ಕೆಸುವಿನ ಸೊಪ್ಪಿನ ಸಾರು ಕುಡಿಸಲು ನೋಡಿದಳು. ಎರಡು ಚಮಚ ಇಳಿಯಿತು, ಮೂರನೆಯದು ತುಟಿಯಿಂದ ಹೊರಗೆ ಬಂತು. ತಾಯಿಯ ಕುತ್ತಿಗೆಯ ನರ ನೋಡುತ್ತಾ ಕೂತವಳು ಒಂದು ತೀರ್ಮಾನಕ್ಕೆ ಬಂದಳು. ಸಹಿಯ ಹೊತ್ತಿಗೇ, ನಿಧಿಯವರ ಕಣ್ಣೆದುರೇ, ನಮ್ಮ ಮಾತಿನಲ್ಲಿ ಮಾವನ ಬಾಯಿ ಬಿಚ್ಚುವುದು. ಅವರಿಗೆ ಅದು ಒಂದು ಮಂತ್ರ ಅಷ್ಟೇ. ಆಮೇಲೆ ಸಹಿ ಹಾಕಿದರೆ ಕಾನೂನು ಕಾನೂನಿನ ಕಡೆ ಇರುತ್ತದೆ. ಊರಿನ ಹುಡುಗರನ್ನು ಹೇಗೋ ಬೇಡಿಕೊಂಡರಾಯಿತು, ಕಾಲು ಹಿಡಿದರಾಯಿತು. ನಡೆಯದ ಯೋಚನೆ ಅಂತ ಅವಳಿಗೂ ಗೊತ್ತಿತ್ತು. ಆದರೆ ತಾಯಿ ಮುಂದೆ ಮಲಗಿದ್ದಳು.

ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಅವಳೂ ಬೌಲೆಸ್ಸೂ ದೋಣಿ ತಗೊಂಡು ಅಳಿವೆಗೆ ಹೋದರು. ಬೌಲೆಸ್ ಮೈಮೇಲೆ ಕಾವಲುಗಾರನ ಅಂಗಿ ಇತ್ತು.

"ಅದನ್ನಾದ್ರೂ ಬಿಚ್ಚಿಟ್ಟು ಬರಬಾರದಾಗಿತ್ತಾ?"

"ಇರೋದೇ ಒಂದು ಅಂಗಿ ಅಕ್ಕಾ. ಕಾನೂನು ಬರೆದೋರು ಕಳ್ಳತನಕ್ಕೆ, ಕಾಯೋನು ಹುಟ್ಟು ಹಾಕೋಕೆ. ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ನೋಡಿ." ಅವನು ಆಚೆ ತಿರುಗಿ ಕೂತ. "ನಾನೀಗ ಕುರುಡ. ಬೇಗ ಮುಗಿಸಿ."

ಗೂಟ ನೀರಿನ ನಡುವೆ ನಿಂತಿತ್ತು. ಗರಿ ನಿಜಕ್ಕೂ ಹಸಿರಾಗಿತ್ತು. ಗಾಳಿಯಿರಲಿಲ್ಲ, ಆದರೂ ಯಾರೋ ಈಗಷ್ಟೇ ಕೈ ಬಿಟ್ಟ ಹಾಗೆ ಗರಿ ಅಲ್ಲಾಡುತ್ತಿತ್ತು. ಅದರ ಬುಡದಲ್ಲಿ ಗೂಟದ ಮೇಲೆ ಸುಣ್ಣದ ಬೆರಳ ಗುರುತು, ಒಂದಲ್ಲ, ಹತ್ತಾರು. ದಿಲುಬೆಚ್ ಅತ್ತ ನೋಡಬಾರದು ಅಂದುಕೊಂಡು ನೀರಿನ ಕಡೆ ಬಗ್ಗಿದಳು.

ಕೆಳಗೆ ಮುರು ಮೀನು. ಅಯ್ಯೋ, ಏನು ಹೇಳಲಿ! ನೀರು ಇತ್ತೋ ಮೀನೇ ಇತ್ತೋ. ಕಂದು, ಚುಕ್ಕೆ ಚುಕ್ಕೆ, ಒಂದರ ಬೆನ್ನಿಗೆ ಒಂದು ಒತ್ತಿಕೊಂಡು, ಅವಸರವಿಲ್ಲದೆ ಕಿವಿರು ಆಡಿಸುತ್ತಾ ನಿಂತಿದ್ದವು. ಅವಳು ಹುಡುಗಿಯಾಗಿದ್ದಾಗ ಕಂಡಿದ್ದೂ ಇಷ್ಟಿರಲಿಲ್ಲ. ಗಾಳ ಬಿಚ್ಚುವ ಮೊದಲು ಸುಮ್ಮನೆ ನೀರಿಗೆ ಕೈ ಇಟ್ಟಳು. ಒಂದು ದೊಡ್ಡ ಮೀನು ಮೇಲೆ ಬಂತು. ಬಂದು ಅವಳ ಅಂಗೈಗೆ ಮೂತಿ ತಾಗಿಸಿ ನಿಂತಿತು. ಓಡಲಿಲ್ಲ.

"ಇವಕ್ಕೆ ಮನುಷ್ಯರ ಭಯ ಮರೆತುಹೋಗಿದೆ" ಅಂದ ಕುರುಡ ಬೌಲೆಸ್, ಆಚೆ ತಿರುಗಿಕೊಂಡೇ.

ಅವಳು ಎರಡೂ ಕೈಯಲ್ಲಿ ಮೀನನ್ನು ಎತ್ತಿ ದೋಣಿಯೊಳಕ್ಕೆ ತಂದಳು. ಅದು ಒದ್ದಾಡಲು ಕೂಡ ತಡಮಾಡಿತು. ಮಗುವಿಗೆ ಬೆಲ್ಲ ತೋರಿಸಿ ಕರೆದು ಹೊಡೆದ ಹಾಗಾಯಿತು ಅವಳಿಗೆ. ಬೌಲೆಸ್ ದೋಣಿಯನ್ನು ದಡದ ಕಡೆ ತಿರುಗಿಸಿದ.

ಮಧ್ಯಾಹ್ನಕ್ಕೆ ಸರಿಯಾಗಿ ನಿಧಿಯವರು ಬಂದರು. ಅವರ ಮುಖ್ಯಸ್ಥೆ ಹಾಲ್‌ಬರ್ಗ್ ಅಂತ, ಎತ್ತರದ, ಬೆಳ್ಳಿಕೂದಲಿನ ಹೆಂಗಸು. ಒಳ್ಳೆಯವಳೇ, ಕೆಟ್ಟವಳು ಅಂದರೆ ನಮ್ಮ ಬಾಯಿಗೆ ಹುಳ ಬೀಳುತ್ತದೆ. ಬಂದವಳೇ ಚಪ್ಪಲಿ ಬಿಟ್ಟು, ಕಲ್ಲಿನ ಜಗಲಿಯ ಮೇಲಿದ್ದ ಮೆಸುಬೆದ್‌ನ ಸಮಾಧಿಗೆ ತಲೆಬಾಗಿದಳು. ಊರೆಲ್ಲ ಸೇರಿತ್ತು. ಗಂಡಸರು ದಡದ ಕಡೆ ನಿಂತಿದ್ದರು, ದೋಣಿಗಳ ಹತ್ತಿರ. ಬಿಚ್ಚುವ ಸುದ್ದಿ ಹೇಗೆ ಸೋರಿತೋ, ಎಷ್ಟೋ ದೋಣಿಗಳಲ್ಲಿ ಬಲೆ ಕಾಣುತ್ತಿತ್ತು.

ಬೀಗ ಹಾಕಿದ ಮನೆಯೊಳಗಿಂದ ಸದ್ದು ಬಂತು. ಟೊಕ್, ಟೊಕ್.

"ಒಳಗೆ ಯಾರೋ ಕೆಲಸ ಮಾಡ್ತಿದಾರೆ ಅಲ್ವಾ?" ಅಂತ ಹಾಲ್‌ಬರ್ಗ್ ಕೇಳಿದಳು.

"ಹೌದು ಮೇಡಂ, ರಜಾನೇ ತಗೊಳ್ಳಲ್ಲ" ಅಂದ ಬೌಲೆಸ್.

ದಿಲುಬೆಚ್ ಬಾಳೆಲೆಯಲ್ಲಿ ಬೇಯಿಸಿದ ಮೀನು ತಂದಳು. ಕ್ಯಾಮೆರಾದವರು ಮುತ್ತಿಕೊಂಡರು. ಎಂಥ ಚಂದದ ಸಂಪ್ರದಾಯ ಅಂದರು. ಇದು ಯಾವ ಮೀನು ಅಂತ ಒಬ್ಬ ಕೇಳಿದ. "ಕೊರೋರ್ ಪೇಟೇದು ಸ್ವಾಮಿ, ಸಾಕಿದ್ದು" ಅಂತ ಬೌಲೆಸ್ ಎದೆಯುಬ್ಬಿಸಿ ಸುಳ್ಳು ಹೇಳಿದ. ದಿಲುಬೆಚ್ ಮಂಡಿಯೂರಿ ಒಂದು ತುತ್ತು ಮುರಿದು ಕಲ್ಲಿನ ಮೇಲೆ ಇಟ್ಟಳು. ನಮ್ಮ ಮಾತಿನಲ್ಲಿ, ಊರಿಗೆ ಕೇಳುವಂತೆ ಹೇಳಿದಳು.

"ಮೆಸುಬೆದ್ ಮಾವಾ, ಮೀನು ತಿರುಗಿ ಬಂದಿದೆ. ನೀನು ಕಟ್ಟಿದ್ದನ್ನ ನಾನು ಬಿಚ್ಚಿದೀನಿ. ನಿನ್ನ ಬಾಯಿ ಬಿಚ್ಚಿದೆ. ಉಣ್ಣು. ನಾನು ತಡ ಮಾಡಿದೆ, ತಪ್ಪಾಯ್ತು, ಉಣ್ಣು ಮಾವಾ."

ಸದ್ದು ನಿಂತಿತು. ಎತ್ತಿದ ಕುಟ್ಟುಗೋಲು ಕೆಳಗೆ ಬರಲೇ ಇಲ್ಲ. ಮನೆಯೊಳಗೆ ಯಾರೋ ಉದ್ದಕ್ಕೆ ಉಸಿರು ಬಿಟ್ಟ ಹಾಗಾಯಿತು, ಕಿಟಕಿಯಿಂದ ಎಲೆಯಡಿಕೆಯ ವಾಸನೆ ಬಂದು ಎಲ್ಲರ ಮೂಗಿಗೂ ತಾಗಿತು. ಹೆಂಗಸರು ಗೊಳೋ ಅಂತ ಅತ್ತರು. ಹಾಲ್‌ಬರ್ಗ್ ಕೂಡ ಯಾಕೆ ಅಂತ ಗೊತ್ತಿಲ್ಲದೆ ಕಣ್ಣೊರೆಸಿಕೊಂಡಳು. ದಡದ ಕಡೆ ಒಂದು ದೋಣಿಯ ಹಗ್ಗ ಬಿಚ್ಚಿದ ಸದ್ದಾಯಿತು. ಇನ್ನೊಂದು. ಬೌಲೆಸ್ ದಿಲುಬೆಚ್ ಮುಖ ನೋಡಿದ.

ಅವಳು ಬೇಗ ಬೇಗ ಸಹಿ ಹಾಕಿ, ದಡಕ್ಕೆ ಓಡಿ ಹುಡುಗರ ಕಾಲು ಹಿಡಿಯಬೇಕು ಅಂತ ಎದ್ದಳು. ಆಗ ಹಾಲ್‌ಬರ್ಗ್ ಅವಳ ತೋಳು ಮೃದುವಾಗಿ ಹಿಡಿದಳು.

"ಒಂದು ಕೋರಿಕೆ. ಕಾಗದ ಕೊನೆಗಿರಲಿ. ಆ ದಿನ ಸಭೆಯಲ್ಲಿ ನೀವು ಹೇಳಿದ ಮಾತಿಗಾಗಿಯೇ ನಾನು ಇಷ್ಟು ದೂರ ಬಂದದ್ದು. ಅದನ್ನು ನಿಮ್ಮ ಭಾಷೆಯಲ್ಲಿ, ನಿಮ್ಮ ಜನರ ಮುಂದೆ, ನಿಮ್ಮ ಪದ್ಧತಿಯಂತೆ ಹೇಳ್ತೀರಾ? ಒಂದು ಸಲ ಕಿವಿಯಾರೆ ಕೇಳಬೇಕು."

ಯಾರೋ ಉತ್ಸಾಹಿಗಳು ಆಗಲೇ ಒಂದು ತೆಂಗಿನ ಗರಿ ತಂದು ದಿಲುಬೆಚ್ ಕೈಗೆ ಕೊಟ್ಟಾಗಿತ್ತು.

ಈಗ ಹೇಳುತ್ತೇನೆ ಕೇಳಿ, ಅವಳಿಗೆ ಬೇರೆ ದಾರಿ ಇರಲಿಲ್ಲ ಅಂತ ಅಲ್ಲ. ಇತ್ತು. ಕೆಸುವಿನ ಗಡ್ಡೆ ಬೇಯಿಸುವ ಬಗೆಯನ್ನು ನಮ್ಮ ಮಾತಲ್ಲಿ ಗಂಭೀರವಾಗಿ ಹೇಳಿದ್ದರೂ ಆ ಹೆಂಗಸು ಕೈಮುಗಿದು ಕೇಳಿಸಿಕೊಳ್ಳುತ್ತಿದ್ದಳು. ದಿಲುಬೆಚ್‌ಗೂ ಅದು ಹೊಳೆಯಿತು. ಬೌಲೆಸ್ ಅಂತೂ ಕಣ್ಣಲ್ಲೇ ಬೇಡಿಕೊಂಡ. "ಬೇಡಕ್ಕಾ. ಹಾಡು ಹೇಳಿ, ಏನಾದ್ರೂ ಹೇಳಿ, ಅದು ಬೇಡ" ಅಂತ ನಮ್ಮ ಮಾತಲ್ಲಿ ಮೆಲ್ಲಗೆ ಅಂದ. ಅವನಿಗೆ ಗೊತ್ತಿತ್ತು. ದಿಲುಬೆಚ್‌ಗೆ ಇರುವುದು ಇಬ್ಬರು ಗಂಡುಮಕ್ಕಳು. ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣಿನಿಂದ. ಯಜಮಾನ ಇಲ್ಲದಾಗ ಮನೆಯ ಹೆಣ್ಣೂ ಕಟ್ಟಬಹುದು, ಆದರೆ ಹೆಂಗಸು ಕಟ್ಟಿದ್ದನ್ನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬಿಚ್ಚಬೇಕು. ಅವಳಿಗೆ ಮಗಳಿಲ್ಲ, ಅಕ್ಕತಂಗಿಯರಿಲ್ಲ, ಅವಳ ನಂತರ ಬಿಚ್ಚುವ ಬಾಯೇ ಇಲ್ಲ.

ದಡದಲ್ಲಿ ಮೊದಲ ಮೋಟಾರು ಗುರ್ ಅಂತು.

ಅವಳ ಅಂಗೈಯಲ್ಲಿ ಇನ್ನೂ ಆ ಮೀನಿನ ಮೂತಿ ಇತ್ತು. ಎಷ್ಟು ತೊಳೆದಿದ್ದಳು, ಹೋಗಿರಲಿಲ್ಲ. ಬಲೆ ಇಳಿದರೆ ಅವು ಓಡುವುದಿಲ್ಲ, ಕರೆದರು ಅಂತ ಹತ್ತಿರ ಬರುತ್ತವೆ. ದಿಲುಬೆಚ್ ಗರಿಯನ್ನು ತಲೆಯ ಮೇಲಕ್ಕೆ ಎತ್ತಿದಳು. ಗಂಟಲು ಹರಿಯುವ ಹಾಗೆ ಕೂಗಿ ಹೇಳಿದಳು, ನಮ್ಮ ಮಾತಲ್ಲಿ, ದಡದ ಕೊನೆಯ ದೋಣಿಗೂ ಕೇಳುವಂತೆ.

"ಕೇಳಿ! ಎಬಿಲ್ ಮಗಳು ದಿಲುಬೆಚ್ ನಾನು. ಈ ಅಳಿವೆಗೆ ಬುಲ್ ಕಟ್ಟಿದೀನಿ. ನನ್ನ ಬಾಯಿಂದ ಕಟ್ಟಿದೀನಿ. ಎಂದೆಂದಿಗೂ."

ಮೋಟಾರು ಆರಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲೆ ಹಿಡಿದಿದ್ದವನೊಬ್ಬ ಅದನ್ನು ಕೆಂಡ ಮುಟ್ಟಿದ ಹಾಗೆ ಕೆಳಗೆ ಬಿಟ್ಟ. ನಿಧಿಯವರು ಚಪ್ಪಾಳೆ ತಟ್ಟಿದರು, ತಟ್ಟಿದವರು ಅವರಷ್ಟೇ. ಊರಿನ ಹೆಂಗಸರು ಅಲ್ಲಿಂದ ಎದ್ದು ಒಬ್ಬೊಬ್ಬರಾಗಿ ದಿಲುಬೆಚ್ ಹತ್ತಿರ ಬಂದು, ಸತ್ತವರ ಮನೆಯಲ್ಲಿ ಮಾಡುವಂತೆ ಅವಳ ಬೆನ್ನು ಸವರಿ ಹೋದರು. ಆಮೇಲೆ ಸಹಿಯೂ ಆಯಿತು, ಫೋಟೋಗಳೂ ಆದವು. ಹಾಲ್‌ಬರ್ಗ್ ಅವಳನ್ನು ಅಪ್ಪಿಕೊಂಡು, ನಿಮ್ಮ ಧೈರ್ಯಕ್ಕೆ ಲೋಕ ಋಣಿ ಅಂದಳು. ದಿಲುಬೆಚ್ ನಕ್ಕು, ನೀರು ಕುಡಿಯಲು ಕೇಳಿದಳು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಅತಿಥಿಗಳು ಹೋದ ಮೇಲೆ ಅವಳು ಉಳಿದ ಮೀನನ್ನು ಎಲೆಯಲ್ಲಿ ಮುಚ್ಚಿಕೊಂಡು ತಾಯಿಯ ಹತ್ತಿರ ಹೋದಳು. ಮುದುಕಿ ಎದ್ದು ಗೋಡೆಗೆ ಒರಗಿ ಕೂತಿದ್ದಳು, ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು.

"ನಿಂತೋಯ್ತು ಕಣೇ! ಕೇಳಿದ್ಯಾ? ನಿಂತೋಯ್ತು. ನನ್ನಣ್ಣ ಉಂಡ!" ಮಗಳ ಕೆನ್ನೆ ಹಿಡಿದು ಮುತ್ತಿಟ್ಟಳು. "ನನ್ನ ಬಂಗಾರಿ. ಊರೂರು ಸುತ್ತಿದ್ರೂ ನನ್ನ ಮಗಳೇ ನೀನು. ಕೊಡು ಇಲ್ಲಿ, ವಾಸನೆಗೇ ಪ್ರಾಣ ಹೋಗ್ತಿದೆ."

ದಿಲುಬೆಚ್ ಮುಳ್ಳು ಬಿಡಿಸಿ ತುತ್ತು ಕೊಟ್ಟಳು. ಮುದುಕಿ ಕಣ್ಣು ಮುಚ್ಚಿ, ನಿಧಾನವಾಗಿ, ನಾಲಿಗೆಯಿಂದ ತಿರುಗಿಸಿ ತಿರುಗಿಸಿ ಜಗಿದಳು. ನುಂಗಿದಳು. ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು ಕಿವಿಗೊಟ್ಟಳು.

"ದೋಣಿ ಸದ್ದೇ ಇಲ್ವಲ್ಲೇ. ಬುಲ್ ಬಿಚ್ಚಿದ್ರೆ ಹುಡುಗರು ಸುಮ್ನೆ ಇರ್ತಾರಾ? ನಮ್ಮ ಸೋದರಮಾವ ಬಿಚ್ಚಿದ ದಿನ ಕಡಲೇ ಕಾಣ್ತಿರಲಿಲ್ಲ, ಬರೀ ದೋಣಿ."

ದಿಲುಬೆಚ್ ಮುಳ್ಳು ಬಿಡಿಸುತ್ತಾ ಇದ್ದಳು.

"ಮತ್ತೆ ಕಟ್ಟಿದ್ಯಾ?"

"ಹೂಂ."

"ಯಾರ ಬಾಯಿಂದ?"

"ನನ್ನದೇ."

ಮುದುಕಿ ಜಗಿಯುವುದನ್ನು ನಿಲ್ಲಿಸಿದಳು. "ಎಷ್ಟು ದಿನಕ್ಕೆ?"

ದಿಲುಬೆಚ್ ಇನ್ನೊಂದು ಮುಳ್ಳು ತೆಗೆದಳು. ಹೊರಗೆ ಅಷ್ಟು ಜನರ ಮುಂದೆ ಬಂದ ಪದ ಇಲ್ಲಿ ಬಾಯಿಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

"ನೀನು ಬದುಕಿರೋವಾಗ ನೀನೇ ಬಿಚ್ಚಬಹುದು" ಅಂದಳು ತಾಯಿ. ಬಾಯಲ್ಲಿ ತುತ್ತು ಹಾಗೇ ಇತ್ತು. "ಸಾಯೋಕೆ ಮುಂಚೆ ಒಂದು ಮಾತು ಹೇಳಿದ್ರಾಯ್ತು. ಬಿಚ್ತೀಯೇನೇ?"

ದಿಲುಬೆಚ್ ಅಂಗೈಯನ್ನು ಉಟ್ಟ ಬಟ್ಟೆಗೆ ಉಜ್ಜಿದಳು. "ಇಲ್ಲವ್ವಾ" ಅಂದಳು.

ಮುದುಕಿ ಬೆರಳಿನಿಂದ ಬಾಯಿಯ ತುತ್ತನ್ನು ತೆಗೆದಳು. ಎಲೆಯ ಮೇಲೆ ಇಟ್ಟಳು. ತುಟಿ ಒರೆಸಿಕೊಂಡು, ಎಲೆಯನ್ನು ಮಗಳ ಕಡೆಗೆ ಸರಿಸಿದಳು.

"ಅವ್ವಾ, ಬೇಡ. ಏನು ಮಾಡ್ತಿದೀಯ? ತಿನ್ನೇ. ಡಾಕ್ಟರು ಹೇಳಿದಾರೆ. ನಿನಗೆ ಕೈ ಮುಗೀತೀನಿ, ತಿನ್ನೇ. ನಾನಿನ್ನೂ ಬದುಕಿದೀನಿ ಅವ್ವಾ!"

"ನೀನು ಸತ್ತಾಗ ನಾನೆಲ್ಲಿರ್ತೀನಿ ಹುಚ್ಚೀ? ನಿನಗೋಸ್ಕರ ಮೀನು ಬಿಡೋಕೆ ಈ ಮನೇಲಿ ಇನ್ಯಾವ ಹೆಣ್ಣಿದೆ? ಎಂದೆಂದಿಗೂ ಅಂದ್ರೆ ಎಷ್ಟು ಬುತ್ತಿ ಬೇಕೋ ಏನೋ, ನಂಗೆ ಲೆಕ್ಕ ಗೊತ್ತಿಲ್ಲ. ನನ್ನ ಕೈಲಾದಷ್ಟು ಈಗಿಂದ್ಲೇ ಕೂಡಿಡ್ತೀನಿ."

ದಿಲುಬೆಚ್ ತಾಯಿಯ ಮಡಿಲಿಗೆ ಮುಖ ಹಾಕಿ ಅತ್ತಳು. ಮುದುಕಿ ಅವಳ ತಲೆ ಸವರುತ್ತಾ ಕೂತಳು, ಮೂಗಿಗೆ ಮೀನಿನ ವಾಸನೆ ಹೊಡೆದಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಾ.

"ಅಳಬೇಡ. ಏಳು. ಆ ಎಲೆ ತಗೊಂಡು ಹೋಗಿ ಬೌಲೆಸ್‌ಗೆ ಕೊಡು, ಪಟ್ಟ ಕಟ್ಟಿಸ್ಕೊಳ್ಳೋನು, ತಿನ್ಲಿ. ಬರ್ತಾ ನನಗೆ ಒಂದು ಕೆಸುವಿನ ಗಡ್ಡೆ ಹಾಕ್ಕೊಂಡು ಬಾ. ಉಪ್ಪು ಕಡಿಮೆ."

ದಿಲುಬೆಚ್ ಎದ್ದು, ಎಲೆ ತಗೊಂಡು, ಅಡುಗೆಮನೆಗೆ ಹೋದಳು.